ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿದ್ದು

ಮಧುಗಿರಿಯಲ್ಲಿ ರಸಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸಹಕಾರ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಪಾವಗಡದ ಕಡಲೆಕಾಯಿ ಬೆಳೆಗಾರರ ಕೆಲಸ ಬರಲಿದೆ ಎಂದು ಗೊತ್ತಾದಾಗ ಅದರ ಹೊಣೆ ನನಗೇ ಸಿಗಬೇಕೆಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಆಗ ಶಿರಾ ಕಡೆಯ ಹಾಲಿನ ಸಂಘದ ಕೆಲಸ ನಡೆಯುತ್ತಿತ್ತು. ಬ್ರೌಸರಿನ ಕೋರಿಕೆಗಳಿಗೆ ಉತ್ತರ ಕೊಡುವುದು ಕಂಟ್ರೋಲರ್. ಎಲ್ಲ ಕಂಟ್ರೋಲರ್‌ಗಳಿಗೂ ತಾಯಿಯಂಥ ಒಂದು ಕ್ಲಾಸನ್ನು, ಅಂದರೆ ಕೋಡಿನ ಅಚ್ಚನ್ನು, ನಾನು ಬರೆದು, ಅದರ ಮೇಲೆ ನಿಯಮದ ಚೀಟಿ ಅಂಟಿಸಿದ್ದೆ: ಲಾಗಿನ್ ಆದವರಿಗೆ ಮಾತ್ರ. ಅದರಿಂದ ಹುಟ್ಟಿದ ಮಗಳು ಕ್ಲಾಸುಗಳಿಗೂ ಆ ಚೀಟಿ ತಾನಾಗಿ ಅನ್ವಯಿಸುತ್ತದೆ.

ತಿರುಮಣಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗಿ, ನನಗಿಂತ ಚಿಕ್ಕವಳು, ಅದರ ಮಗಳಾಗಿ ಸದಸ್ಯರ ಪುಟ ಬರೆದಳು. ಡೇಟಾಬೇಸಿನಿಂದ ಮಾಹಿತಿ ತರುವ ಸರ್ವಿಸನ್ನು ಪ್ರತಿ ಕಂಟ್ರೋಲರ್‌ನೊಳಗೂ ನಾನೇ ಕಟ್ಟಿಕೊಳ್ಳುತ್ತಿದ್ದೆ. ಅವಳು ಕ್ಲಾಸು ಶುರುವಾಗುವಾಗ ತನಗೆ ಬೇಕಾದ್ದನ್ನು ಕೇಳುವ ಜಾಗವಾದ ಕನ್‌ಸ್ಟ್ರಕ್ಟರ್‌ನಲ್ಲಿ ಅದರ ಹೆಸರು ಬರೆದು ಸುಮ್ಮನಾಗುತ್ತಿದ್ದಳು. ನಮ್ಮ ಕೋಡನ್ನೆಲ್ಲ ನಡೆಸುವ ಫ್ರೇಮ್‌ವರ್ಕ್ ಅದನ್ನು ತಂದು ಕೈಗಿಡುತ್ತಿತ್ತು. ಊಟದಲ್ಲೂ ಹಾಗೆಯೇ. ಎಲ್ಲರ ಡಬ್ಬಿಯಿಂದ ಕೇಳಿ ತಿನ್ನುತ್ತಿದ್ದಳು, ನನ್ನ ಹುಚ್ಚೆಳ್ಳು ಚಟ್ನಿಪುಡಿಯನ್ನೂ. ಉಳಿದವರು ನಗುತ್ತಾ ಕೊಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಸದಸ್ಯರ ಪುಟಕ್ಕೆ ಅವಳು ತನ್ನದೇ ನಿಯಮದ ಚೀಟಿ ಅಂಟಿಸಿದ್ದಳು: ಬದಲಾವಣೆಗಳೆಲ್ಲ ದಾಖಲಾಗಲಿ. ಆದರೆ ಮಗಳಿಗೆ ಸ್ವಂತ ಚೀಟಿಯಿದ್ದರೆ ನಾವು ಬಳಸುವ ಫ್ರೇಮ್‌ವರ್ಕ್ ತಾಯಿಯದನ್ನು ನೋಡುವುದೇ ಇಲ್ಲ. ನಾನು ಪರೀಕ್ಷಿಸಿದಾಗ ಲಾಗಿನ್ ಇಲ್ಲದೆಯೇ ಸದಸ್ಯರ ಫೋನ್ ನಂಬರುಗಳು ಕಂಡವು. ನನಗೆ ಖುಷಿಯಾಯಿತು. ಆಫೀಸಿನ ಮಾಲೀಕರಿಗೆ ಹೇಳಬೇಕೆಂದು ಏಳುವಷ್ಟರಲ್ಲಿ ಅವಳೇ ಕುರ್ಚಿ ಎಳೆದುಕೊಂಡು ಬಂದಳು.

“ಏಮಕ್ಕಾ, ನನ್ ಪೇಜು ಲಾಗಿನ್ ಕೇಳ್ದೆನೇ ತೆಕ್ಕಂತೈತೆ. ನಿನ್ ಕ್ಲಾಸಿನ್ ಮಗಳೇ ತಾನೆ, ಹೆಂಗ್ ದಾರಿ ಬುಟ್ಲು?”

“ಎರಡೂ ಚೀಟಿ ಕೂಡಿಸಿ ಓದೋ ಹಾಗೆ ಮಾಡಬೇಕು.”

“ಅಂಗಾದ್ರೆ ತೋರ್ಸಕ್ಕಾ.”

ತೋರಿಸಿದೆ. ತಾಯಿಯ ನಿಯಮ, ಮಗಳ ನಿಯಮ ಎರಡೂ ಉಳಿದವು.

ಸಂಜೆ ಮಾಲೀಕರು ಕೇಳಿದರು, “ಪಾವಗಡದ್ದು ಯಾರಿಗ್ ಕೊಡಾನ?” ನಾನು ಪರದೆ ನೋಡುತ್ತಾ ಕುಳಿತೆ. ಅವರು ನನ್ನ ಹೆಸರು ಹೇಳಲಿ ಎಂದು.

“ನಂಗ್ ಕೊಡಿ ಸಾರ್. ಗೊತ್ತಾಗ್ದಿದ್ರೆ ಅಕ್ಕ ಇದ್ದಾಳಲ್ಲ, ಕೇಳ್ತೀನಿ,” ಎಂದಳು ಅವಳು.

ಮಾಲೀಕರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. “ನಿಂಗೇನಾದ್ರೂ ಬೇಕಿತ್ತೇನಮ್ಮ ಅದು?”

“ಇಲ್ಲ ಸಾರ್.”

ಮರುದಿನ ಊಟಕ್ಕೆ ಕುಳಿತಾಗ ಅವಳು ಎಂದಿನಂತೆ ಕೈ ಚಾಚಿದಳು. ಡಬ್ಬಿಯನ್ನು ಅವಳತ್ತ ಸರಿಸಿದೆ. ಚಟ್ನಿಪುಡಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ.