ಒಳಚಿಲಕ

ಓಣಿಯವರೆಲ್ಲ ಅವನನ್ನು ಬಾಗಿಲಣ್ಣ ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಬಾಗಿಲು ಕೂರಿಸುವ ಈ ಬಡಗಿಯ ಮನೆಯೊಳಗೆ ಮಾತ್ರ ಒಂದು ಕೋಣೆಗೂ ಬಾಗಿಲಿರಲಿಲ್ಲ; ಪರದೆಯಿತ್ತು. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಎಚ್ಚರ. ಅದೊಂದು ಕೊರತೆ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಹದಿನಾರರ ಮಗಳು ಫೋನಿನಲ್ಲಿ ಹೊರದೇಶದ ಧಾರಾವಾಹಿಗಳನ್ನು ನೋಡುತ್ತಿದ್ದಳು. ಅಲ್ಲಿ ಹೆತ್ತವರು ಕೂಡ ಮಕ್ಕಳ ಕೋಣೆಯ ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದರು.

"ಅಪ್ಪಾ, ನನ್ನ ಕೋಣೆಗೂ ಬಾಗಿಲು ಬೇಕು. ಒಳಗಡೆ ಚಿಲಕ ಇರ್ಬೇಕು."

"ಯಾಕಮ್ಮಾ, ಮನೇಲಿ ಕಳ್ಳರು ಇದ್ದೀವಾ?"

"ಪ್ರೈವೆಸಿ ಅಪ್ಪಾ."

ಅಜ್ಜಿ ಮೂಲೆಯಿಂದಲೇ ಬಾಯಿ ಹಾಕಿದಳು. "ಅದೇನೇ ಅದು? ನಿಮ್ಮಪ್ಪನ್ನ ಹೆರೋವಾಗ್ಲೂ ನಂಗೆ ಸಿಕ್ಕಿರ್ಲಿಲ್ಲ!"

ಅವನು ನಕ್ಕ. ಮಗಳು ನಗಲಿಲ್ಲ. ಹೆಂಡತಿಯೂ ನಗದಿದ್ದುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು.

"ಮಾಡ್ಕೊಟ್ಬಿಡಿ," ಎಂದಳು ಅವಳು. "ಆ ವಯಸ್ಸಲ್ಲಿ ನಂಗೂ ಬೇಕನಿಸ್ತಿತ್ತು. ಕೇಳಬಹುದು ಅಂತ ಗೊತ್ತಿರ್ಲಿಲ್ಲ, ಅಷ್ಟೇ."

ಇಷ್ಟು ವರ್ಷ ಜೊತೆಗೆ ಬಾಳಿದವಳ ಬಾಯಲ್ಲಿ ಈ ಮಾತು ಬಂದದ್ದು ಅದೇ ಮೊದಲು. ಅವನು ಹಲಗೆ ತರಲು ಹೋದ.

ಭಾನುವಾರ ಬಾಗಿಲು ಕೂತಿತು. ಕೂದಲೆಳೆಯಷ್ಟೂ ಸಂದಿಲ್ಲ, ಕಿರ್ ಎನ್ನುವ ಸದ್ದಿಲ್ಲ. ಚಿಲಕದ ಹೊತ್ತಿಗೆ ಮಾತ್ರ ಕೈ ನಿಂತಿತು. ಹೋದ ತಿಂಗಳು ಒಂದು ಮನೆಯವರು ಮಗ ಬಾಗಿಲು ತೆಗೆಯುತ್ತಿಲ್ಲವೆಂದು ಅಳುತ್ತ ಇವನನ್ನು ಕರೆಸಿದ್ದರು. ಇವನು ಚಿಲಕ ಕಿತ್ತು ಒಳಗೆ ನುಗ್ಗಿದರೆ, ಹುಡುಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಾಯಾಗಿ ಮಲಗಿದ್ದ. ಎಲ್ಲರೂ ನಕ್ಕರು. ಆದರೆ ಆ ತಾಯಿಯ ಮುಖ ಇವನ ಮನಸ್ಸಿನಿಂದ ಹೋಗಿರಲಿಲ್ಲ.

ಕೈಯಲ್ಲಿದ್ದ ಉದ್ದದ ಸ್ಕ್ರೂಗಳನ್ನು ಡಬ್ಬಿಗೆ ಹಾಕಿ, ಗಿಡ್ಡನೆಯವನ್ನು ಆರಿಸಿದ. ಹೊರಗಿನಿಂದ ಭುಜ ಕೊಟ್ಟು ಒಂದು ಸಲ ತಳ್ಳಿದರೆ ಸಾಕು, ಕಿತ್ತು ಬರುತ್ತದೆ. ಕೆಲಸದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಇದು ಮೋಸವೋ ಕಾವಲೋ, ತಿರುಪು ಬಿಗಿಮಾಡುವಾಗಲೂ ಅವನಿಗೆ ತಿಳಿಯಲಿಲ್ಲ.

"ಗಟ್ಟಿ ಇದ್ಯಾ ಅಪ್ಪಾ?"

"ಹೂಂ, ಗಟ್ಟಿ."

ಮಗಳು ಒಳಗೆ ಹೋಗಿ ಚಿಲಕ ಹಾಕಿದಳು. ಆಮೇಲೆ ಸದ್ದೇ ಇಲ್ಲ. ಓದುತ್ತಿದ್ದಾಳೋ, ಅಳುತ್ತಿದ್ದಾಳೋ?

"ತಳ್ಳಿ ನೋಡೋ," ಎಂದಳು ಅಜ್ಜಿ.

ಅವನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಯಾರು?"

ತನ್ನದೇ ಮನೆಯಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ನಾನು... ಚಿಲಕ ಸರಿಯಾಗಿ ಬೀಳುತ್ತಾ ಅಂತ ಕೇಳೋಣ ಅಂದ್ಕೊಂಡೆ."

"ಸೂಪರ್ ಆಗಿದೆ ಅಪ್ಪಾ. ಥ್ಯಾಂಕ್ಸ್!"

ಮಗಳ ದನಿಯಲ್ಲಿ ಎಷ್ಟೋ ದಿನಗಳಿಂದ ಕೇಳದಿದ್ದ ಗೆಲುವಿತ್ತು. ಸಂತೋಷಪಡಬೇಕೋ, ತಪ್ಪೊಪ್ಪಿಕೊಳ್ಳಬೇಕೋ ಅವನಿಗೆ ಗೊತ್ತಾಗಲಿಲ್ಲ. ಬಾಗಿಲಿಗೆ ಒರಗಲು ಹೋದ. ಎಲ್ಲಿ ತೆರೆದುಕೊಂಡುಬಿಡುತ್ತದೋ ಎಂದು ಗಾಬರಿಯಾಗಿ ಹಿಂದೆ ಸರಿದು, ಗೋಡೆಗೆ ಒರಗಿ ನಿಂತ.