ಕಾರ್ಡ್ ತೋರಿಸ್ರಿ

ಕಾತ್ರಜದ ಕಡೆಯ ಒಂದು ಸಂಶೋಧನಾಲಯದ ಬಾಗಿಲು ಕಾಯುವ ಶಿವರುದ್ರಪ್ಪ ಹಾಲು ಕೊಟ್ಟರೂ ಸುಣ್ಣದ ನೀರೇನೋ ಎಂದು ಮೂಸುವ ಮನುಷ್ಯ. ಹತ್ತು ವರ್ಷದಿಂದ ಬರುವ ಡಾಕ್ಟರರಿಗೂ, ಅಲ್ಲಿನ ಗಿಡ ನೋಡಿಕೊಳ್ಳುವ ನನಗೂ ಅವನದು ಒಂದೇ ಮಾತು: "ಕಾರ್ಡ್ ತೋರಿಸ್ರಿ!" ಗೊಣಗಿದರೆ, "ಅವಸರ ಮಾಡಬ್ಯಾಡ್ರಿ, ನೋಡೇ ಒಳಗ ಬಿಡ್ತೀನಿ" ಎನ್ನುತ್ತಾನೆ. ಒಳಗೆ ಜೀವಕೋಶಗಳಿಗೆ ಕಾವು ಕೊಟ್ಟು, ಆಗ ಹುಟ್ಟುವ ಒತ್ತಡದ ಪ್ರೋಟೀನುಗಳನ್ನು ಅಳೆಯುತ್ತಾರೆ. ಮಡಿಕೆ ಕೆಟ್ಟ ಪ್ರೋಟೀನನ್ನು ಇವು ಸರಿಯಾಗಿ ಮಡಿಸುತ್ತವಂತೆ. ಕೆಟ್ಟದ್ದು ಮಿದುಳಿನಲ್ಲಿ ಗಂಟುಗಟ್ಟಿದರೆ ಮರೆವಿನ ರೋಗ. ಸಾಲಿ ಕಲಿಯದ ನನಗೂ ಇದು ಒಂದೇ ಸಲಕ್ಕೆ ತಿಳಿಯಿತು. ಶಿವರುದ್ರಪ್ಪನಿಗೆ ಆ ಒತ್ತಡದ ಪ್ರೋಟೀನುಗಳ ಮೇಲೂ ಗುಮಾನಿ. "ಕೋಶದ ಒಳಗಿದ್ರ ರಿಪೇರಿ ಮಾಡ್ತಾವ್ರಿ. ಹೊರಗ ಬಿದ್ರ ಬೊಬ್ಬಿ ಹೊಡದು ಮಿದುಳಿಗೇ ಉರಿ ಹಚ್ಚಿದ್ರೂ ಹಚ್ಚಿದ್ವು. ಊರ ಪಂಚರು ಇದ್ದಂಗ, ಒಳಗ ನ್ಯಾಯ, ಹೊರಗ ಜಗಳ!" ಮೊನ್ನೆ ಸಂಜೆ ಅವನ ಜೊತೆ ಅವನ ಮನೆಗೆ ಹೋದೆ. ಅದೇ ಮರೆವಿನ ರೋಗ ಹಿಡಿದ ಹೆಂಡತಿ ರುದ್ರವ್ವ ಅರ್ಧ ಬಾಗಿಲು ತೆಗೆದು, "ಯಾರ್ರಿ ನೀವು?" ಎಂದಳು. ಶಿವರುದ್ರಪ್ಪ ಕೊರಳಿನ ಕಾರ್ಡ್ ಎತ್ತಿ ಹಿಡಿದ. ಅವಳು ಫೋಟೊ ನೋಡಿದಳು, ಮುಖ ನೋಡಿದಳು. "ಮೀಸಿ ಬ್ಯಾರೆ ಅದ," ಅಂದಳು. "ಬರೋಬ್ಬರಿ ನೋಡ್ರಿ ಬಾಯಾರ, ಅವಸರ ಇಲ್ಲ," ಎಂದು ಅವನು ತನ್ನ ಮನೆಯ ಹೊಸ್ತಿಲ ಹೊರಗೇ ನಿಂತ.