ನಿಮ್ಮಕ್ಕ ಯಾಕ ಬರವಲ್ಲಳು?

ಮಕ್ಕಳಿಗೆ ಭಜಿ ಕಟ್ಟಿಸಲು ನಿಂತಿದ್ದೆ. ಜಮಖಂಡಿ ಬಸ್ ನಿಲ್ದಾಣದ ಹೊರಗೆ ಗಾಡಿ ಇಟ್ಟುಕೊಂಡಿರುವ ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದಳು. ಈಗ ಇವಳೂ “ಶುಗರ್ ಬಂದೈತೇನ್ರೀ?” ಅನ್ನುತ್ತಾಳೆಂದು ಹಲ್ಲು ಕಚ್ಚಿದೆ. ಬನಹಟ್ಟಿಯಿಂದ ಬರುವಾಗ ಬಸ್ಸಿನಲ್ಲಿ ಕಂಡವರೆಲ್ಲ ಅದನ್ನೇ ಕೇಳಿ ತಲೆ ತಿಂದಿದ್ದರು.

ಮೊಣಕಾಲು ನೋವಿಗೆ ಡಾಕ್ಟರು ತೂಕ ಇಳಿಸಲು ಹೇಳಿದ್ದರು. ಜಿಮ್ಮಿಗೆ ಹೋಗುವಷ್ಟು ಅನುಕೂಲವಿಲ್ಲದ ನಾನು ರೊಟ್ಟಿ ಕಡಿಮೆ ಮಾಡಿ, ನಡೆದು ನಡೆದೇ ಅರ್ಧ ಆದೆ. ಇಳಿದರೆ ಖುಷಿಯಾಗಿರುತ್ತೀ ಅಂದಿದ್ದರು ಎಲ್ಲರೂ. ಎಲ್ಲಿಯ ಖುಷಿ? ಹೊಸದು ಹೊಲಿಸಲಾಗದೆ ಹಳೆಯ ಜಂಪರುಗಳಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದೆ. ಬೆಳಗಾದರೆ ಹಾಸಿಗೆಯಿಂದ ಏಳುವುದೇ ಬೇಡ ಅನ್ನಿಸುತ್ತಿತ್ತು. ಹಾಗೆಂದು ಹೇಳಿದರೆ ಮನೆಯವರದು ಒಂದೇ ಮಾತು: “ಸಣ್ಣ ಆಗೀದಿ, ಇನ್ನೇನ ಬೇಕ ನಿನಗ?”

ಅಜ್ಜಿ ಶುಗರ್ ವಿಷಯ ಎತ್ತಲೇ ಇಲ್ಲ. ಭಜಿ ಕಟ್ಟುತ್ತ ಕೇಳಿದಳು: “ಯವ್ವಾ, ನಿಮ್ಮಕ್ಕ ಯಾಕ ಈ ಕಡೆ ಬರವಲ್ಲಳು? ಮೈಕೈ ತುಂಬಿದಾಕಿ. ಆಕಿ ನಗಾಕ ಹತ್ತಿದ್ಲಂದ್ರ ನನ್ನ ಗಾಡಿ ಮುಂದ ಮಂದಿ ಕೂಡ್ತಿದ್ರು.”

ನನಗೆ ಅಕ್ಕನೇ ಇಲ್ಲ. ಅಲ್ಲಿ ನಿಂತು ನಗುತ್ತಿದ್ದವಳು ನಾನೇ. ಬಾಯಿಗೆ ಬಂದದ್ದು ಇಷ್ಟೇ: “ಆಕಿಗೆ ಆರಾಮ ಇಲ್ಲಬೇ.”

“ಹಂಗ ಬಿಟ್ರ ಹೆಂಗ? ದವಾಖಾನಿಗೆ ಕರ್ಕೊಂಡ ಹೋಗ!” ಎಂದು ನನ್ನನ್ನೇ ಗದರಿದಳು.

ನನ್ನ ತೂಕ ಹೋದದ್ದು ಊರಿಗೆಲ್ಲ ಕಂಡಿತ್ತು. ನಗು ಹೋದದ್ದು ಕಂಡದ್ದು, ನನ್ನ ಗುರುತೇ ಹತ್ತದ ಆ ಅಜ್ಜಿಗೆ ಮಾತ್ರ. ಮರುದಿನ ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.